ಗ್ವೆನ್‌ಹ್ಲಿಯನ್: ವೇಲ್ಸ್ ದೇಶದ ಮೊಮ್ಮಗಳನ್ನು ಹೇಗೆ ಕರೆಯೋದು?

ಪ್ರಶ್ನೆ: ನನ್ನ ಮಗ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ. ಅವರಿಗೆ ಹೆಣ್ಣು ಮಗು ಆಗಿದೆ. ‘ಗ್ವೆನ್ಲಿಯನ್’ ಅಂತ ಹೆಸರಿಟ್ಟಿದ್ದಾರೆ. ವಿಡಿಯೋ ಕಾಲ್‌ನಲ್ಲಿ ನಾನು ಮಗುವನ್ನು ಕರೆದಾಗಲೆಲ್ಲ ಬೀಗಿತ್ತಿ ನಗುತ್ತಾ ತಿದ್ದುತ್ತಾರೆ. ನನ್ನ ಬಾಯಲ್ಲಿ ಅದು ಬರೋದೇ ಇಲ್ಲ. ಹೆಸರಿಗೆ ‘ಬಿಳಿ’ ಅಂತ ಅರ್ಥವಂತೆ. ಮಗು ನಮ್ಮ ಮನೆಯವರ ಹಾಗೆ ಎಣ್ಣೆಗಪ್ಪು. ಜನ ಆಡಿಕೊಳ್ಳಲ್ವಾ? ಇದು ತಲೆ ಕಡಿಸಿಕೊಂಡ ರಾಣಿಯ ಹೆಸರು ಅಂತ ಬೇರೆ ನಮ್ಮ ಭಾವ ಎಲ್ಲೋ ಓದಿ ಹೇಳಿದರು. ಅಂದಿನಿಂದ ಮನಸ್ಸಿಗೆ ಕಸಿವಿಸಿ. ಡಿಸೆಂಬರ್‌ನಲ್ಲಿ ಹಾಸನಕ್ಕೆ ಬರುತ್ತಾರೆ, ತೊಟ್ಟಿಲ ಶಾಸ್ತ್ರ ಇಟ್ಟುಕೊಂಡಿದ್ದೇವೆ. ಅಕ್ಕಿ ಮೇಲೆ ಹೆಸರು ಬರೆಯುವಾಗ ಕನ್ನಡದಲ್ಲಿ ಹೇಗೆ ಬರೆಯಬೇಕು? ಮನೆಯಲ್ಲಿ ‘ಗೌರಿ’ ಅಂತ ಕರೆದರೆ ತಪ್ಪಾ?

ಉತ್ತರ:

ಅಮ್ಮ, ಮೊದಲು ನಿಮ್ಮ ಬಾಯಿಂದ ಹೆಸರು ಬರಿಸೋಣ. ಮಿಕ್ಕಿದ್ದು ಆಮೇಲೆ. ಈ ಹೆಸರಿನ ವಿಷಯದಲ್ಲಿ ಉಚ್ಚಾರಣೆ ಸಣ್ಣ ಮಾತಲ್ಲ. ಯಾಕೆ ಅನ್ನೋದು ಮುಂದೆ ಓದುವಾಗ ನಿಮಗೇ ಗೊತ್ತಾಗುತ್ತೆ.

ತೊಡಕು ಇರೋದು ಒಂದೇ ಅಕ್ಷರದಲ್ಲಿ. ಇಂಗ್ಲಿಷ್ ಲಿಪಿಯಲ್ಲಿ ಎರಡು ‘ಎಲ್’ ಅಕ್ಕಪಕ್ಕ ಬರೆದಿರುತ್ತಾರೆ. ನಾವು ಅದನ್ನು ನೋಡಿ ಬೆಲ್ಲ, ಹಲ್ಲಿ ಅನ್ನುವಾಗಿನ ‘ಲ್ಲ’ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ವೆಲ್ಷ್ ಭಾಷೆಯಲ್ಲಿ ಆ ಜೋಡಿ ‘ಎಲ್’ ಒಂದೇ ಅಕ್ಷರ. ವರ್ಣಮಾಲೆಯಲ್ಲಿ ಅದಕ್ಕೆ ಬೇರೆ ಜಾಗವೇ ಇದೆ. ನಿಘಂಟಿನಲ್ಲಿ ಒಂಟಿ ‘ಎಲ್’ ಪದಗಳೆಲ್ಲ ಮುಗಿದ ಮೇಲೆ ಇದರ ಪದಗಳು ಶುರುವಾಗುತ್ತವೆ. ನಮ್ಮಲ್ಲಿ ಲ ಇದೆ, ಳ ಇದೆ. ಹಳಗನ್ನಡದಲ್ಲಿ ೞ ಅನ್ನೋ ಇನ್ನೊಂದೂ ಇತ್ತು. ವೆಲ್ಷ್‌ನ ಈ ಅಕ್ಷರ ಮೂರರಲ್ಲಿ ಯಾವುದೂ ಅಲ್ಲ.

ಹೀಗೆ ಮಾಡಿ. ‘ಲ’ ಅನ್ನೋಕೆ ನಾಲಿಗೆ ಎತ್ತಿ. ತುದಿ ಮೇಲಿನ ಹಲ್ಲಿನ ಹಿಂದೆ ಅಂಟುತ್ತೆ ಅಲ್ವಾ, ಅಲ್ಲೇ ನಿಲ್ಲಿಸಿ. ಈಗ ದನಿ ತೆಗೆಯಬೇಡಿ, ಬರೀ ಉಸಿರು ಬಿಡಿ. ಮುಂದೆ ದಾರಿ ಇಲ್ಲದ್ದರಿಂದ ಗಾಳಿ ನಾಲಿಗೆಯ ಪಕ್ಕದಿಂದ, ದವಡೆ ಹಲ್ಲಿನ ಕಡೆಯಿಂದ ನುಗ್ಗಿ ಬರುತ್ತೆ. ಕುಕ್ಕರ್ ವಿಸಿಲ್ ಕೂಗೋಕೆ ಮುಂಚೆ ‘ಸುಯ್’ ಅನ್ನುತ್ತಲ್ಲ, ಹೆಚ್ಚುಕಮ್ಮಿ ಹಾಗೆ ಕೇಳಿಸುತ್ತೆ. ಗಂಟಲ ಮೇಲೆ ಬೆರಳಿಟ್ಟು ನೋಡಿ. ಅದು ಅದುರಬಾರದು. ಅದುರಿದರೆ ದನಿ ಸೇರಿತು ಅಂತ ಅರ್ಥ, ಮತ್ತೆ ಮಾಡಿ.

ನಾನು ವೇಲ್ಸ್‌ನ ಅಬೆರಿಸ್ಟ್‌ವಿತ್ ಊರಲ್ಲಿ ಬಾಡಿಗೆಗಿದ್ದ ಮನೆಯ ಅಜ್ಜಿ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ನಾಲಿಗೆಯನ್ನು ‘ಲ’ ಜಾಗದಲ್ಲೇ ಇಟ್ಟು ಉಸಿರನ್ನು ಒಳಕ್ಕೆ ಎಳೆಯಬೇಕು. ನಾಲಿಗೆಯ ಒಂದು ಪಕ್ಕ ತಣ್ಣಗಾಗುತ್ತೆ. ನಿಮ್ಮ ಗಾಳಿಯ ದಾರಿ ಅದು. ಕೆಲವರಿಗೆ ಎಡಗಡೆ, ಕೆಲವರಿಗೆ ಬಲಗಡೆ. ಅದೇ ದಾರಿಯಲ್ಲಿ ಈಗ ಹೊರಕ್ಕೆ ಊದಿದರೆ ಆಯ್ತು. ಅಡುಗೆಮನೆಯ ಮೇಜಿನ ಮುಂದೆ ಕೂತು, ಅವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ನಾನು ಊದುತ್ತಾ, ಎರಡು ದಿನ ಕಳೆದಿದ್ದೆವು. ಮೂರನೇ ದಿನ ಬಂತು.

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಪ್ರಹ್ಲಾದ, ಆಹ್ಲಾದ ಅನ್ನೋ ಪದಗಳನ್ನು ನಿಧಾನವಾಗಿ ಹೇಳಿ ನೋಡಿ. ತುಂಬಾ ಜನ ‘ಪ್ರಲ್ಹಾದ’ ಅಂತಾರೆ, ಹಾಗಲ್ಲ. ಬರೆದ ಹಾಗೆಯೇ, ಮೊದಲು ಹ, ಆಮೇಲೆ ಲ. ಆ ‘ಹ್ಲ’ದಲ್ಲಿ ಉಸಿರೂ ಇದೆ, ನಾಲಿಗೆಯ ‘ಲ’ವೂ ಇದೆ. ನಾವು ಒಂದರ ಹಿಂದೆ ಒಂದು ಹೇಳುತ್ತೇವೆ, ಅವರು ಎರಡನ್ನೂ ಒಟ್ಟಿಗೆ ಹೇಳುತ್ತಾರೆ. ವ್ಯತ್ಯಾಸ ಅಷ್ಟೇ. ಪ್ರಹ್ಲಾದನ ‘ಹ್ಲ’ವನ್ನು ಗುಟ್ಟು ಹೇಳುವ ಹಾಗೆ ಪಿಸುದನಿಯಲ್ಲಿ ಅಂದರೆ ನೀವು ವೆಲ್ಷ್ ಅಕ್ಷರದ ಬಾಗಿಲಿಗೆ ಬಂದ ಹಾಗೆ. ಅದಕ್ಕೇ ನಾನು ಈ ಉತ್ತರದಲ್ಲಿ ಆ ಅಕ್ಷರ ಬಂದಲ್ಲೆಲ್ಲ ‘ಹ್ಲ’ ಅಂತಲೇ ಬರೆಯುತ್ತೇನೆ.

ಇನ್ನು ಒತ್ತು. ನಾವು ಸಾಮಾನ್ಯವಾಗಿ ಹೆಸರಿನ ಮೊದಲ ಅಕ್ಷರದ ಮೇಲೆ ಭಾರ ಹಾಕುತ್ತೇವೆ. ವೆಲ್ಷ್‌ನಲ್ಲಿ ಹೆಚ್ಚಿನ ಪದಗಳಿಗೆ ಕೊನೆಯಿಂದ ಎರಡನೆಯದರ ಮೇಲೆ ಭಾರ. ಹಾಗಾಗಿ ಗ್ವೆನ್-ಹ್ಲಿ-ಅನ್, ನಡುವಿನ ‘ಹ್ಲಿ’ಯನ್ನು ಎತ್ತಿ ಹೇಳಿ. ‘ಗ್ವೆ’ ಹ್ರಸ್ವ. ಎಳೆದು ‘ಗ್ವೇನ್’ ಅಂದರೆ ವೆಲ್ಷ್‌ನಲ್ಲಿ ಮುಗುಳ್ನಗೆ ಅಂತ ಬೇರೆಯೇ ಅರ್ಥ ಬರುತ್ತೆ. ಬಹುಶಃ ಬೀಗಿತ್ತಿ ನಕ್ಕಿದ್ದು ಅದಕ್ಕೇ ಇರಬಹುದು!

ಈಗ ಅರ್ಥ. ‘ಗ್ವೆನ್’ ಅಂದರೆ ಬಿಳಿ, ಹೌದು. ಗಂಡಿಗೆ ‘ಗ್ವಿನ್’, ಹೆಣ್ಣಿಗೆ ‘ಗ್ವೆನ್’. ವೆಲ್ಷ್‌ನಲ್ಲಿ ಕೆಲವು ಗುಣವಾಚಕಗಳಿಗೆ ಹೀಗೆ ಗಂಡು ರೂಪ, ಹೆಣ್ಣು ರೂಪ ಬೇರೆ ಬೇರೆ ಇವೆ. ಬ್ರಾನ್‌ವೆನ್, ಓಲ್ವೆನ್ ಅನ್ನೋ ಹೆಣ್ಣು ಹೆಸರುಗಳ ಬಾಲದಲ್ಲಿರೋದೂ ಇದೇ ‘ಗ್ವೆನ್’. ಸೇರುವಾಗ ‘ಗ’ ಬಿದ್ದುಹೋಗಿದೆ. ಮಂಗಳೂರಿನ ಕಡೆ ಜೆನ್ನಿಫರ್ ಅನ್ನೋ ಹೆಸರು ಕೇಳಿರುತ್ತೀರಿ. ಆರ್ಥರ್ ರಾಜನ ರಾಣಿಯ ಹೆಸರು ವೆಲ್ಷ್‌ನಲ್ಲಿ ‘ಗ್ವೆನ್‌ಹ್ವಿವರ್’. ಅದೇ ಹೆಸರು ಪಕ್ಕದ ಕಾರ್ನ್‌ವಾಲ್ ಸೀಮೆಯ ಬಾಯಲ್ಲಿ ಜೆನ್ನಿಫರ್ ಆಯ್ತು. ಅಂದರೆ ನಿಮ್ಮ ಮೊಮ್ಮಗಳ ಹೆಸರಿನ ಒಂದು ತುಂಡು ಕರಾವಳಿಯಲ್ಲಿ ಯಾವತ್ತೋ ಬಂದು ನೆಲೆಸಿದೆ.

ಇನ್ನೂ ಹಿಂದಕ್ಕೆ ಹೋದರೆ ಈ ಪದ ‘ವಿಂದೋಸ್’ ಅಂತ ಇತ್ತು ಅಂತಾರೆ ಭಾಷಾಶಾಸ್ತ್ರಜ್ಞರು. ಪದದ ಮೊದಲಿನ ‘ವ’ ವೆಲ್ಷ್‌ನಲ್ಲಿ ‘ಗ್ವ’ ಆಯ್ತು. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲು ಆಯ್ತಲ್ಲ, ಆ ಥರ. ಇದೇ ಪದ ಐರಿಷ್‌ನಲ್ಲಿ ‘ಫಿನ್’ ಆಗಿ ಉಳಿದಿದೆ. ಇದರ ಬೇರು ‘ನೋಡು, ತಿಳಿ’ ಅನ್ನೋ ಅರ್ಥದ ಹಳೆಯ ಧಾತು ಅಂತಲೂ ಹಲವರು ಹೇಳುತ್ತಾರೆ. ಹಾಗಾದರೆ ಸಂಸ್ಕೃತದ ವಿದ್ಯೆ, ವೇದ ಇದಕ್ಕೆ ದೂರದ ನೆಂಟರು.

ಎರಡನೇ ಭಾಗ ‘ಹ್ಲಿಯನ್’. ಇದಕ್ಕೆ ಎರಡು ವಿವರಣೆ ಇದೆ. ಒಂದು ‘ಹ್ಲಿಯೈನ್’, ಅಂದರೆ ಅಗಸೆ ನಾರಿನ ಬಟ್ಟೆ, ಲಿನನ್. ಈಗಲೂ ಅಲ್ಲಿ ಮೇಜಿನ ಮೇಲೆ ಹಾಸುವ ಬಟ್ಟೆಗೆ ಈ ಪದವನ್ನೇ ಬಳಸುತ್ತಾರೆ. ಇನ್ನೊಂದು ‘ಹ್ಲಿಯಂಟ್’, ಅಂದರೆ ಹೊಳೆ ಉಕ್ಕಿ ಹರಿಯೋದು. ಬಿಳಿ ನಾರುಮಡಿ, ಇಲ್ಲವೇ ನೊರೆ ಉಕ್ಕುವ ನೀರು. ಹೆಸರಿನ ಪುಸ್ತಕಗಳಲ್ಲಿ ಎರಡೂ ಸಿಗುತ್ತವೆ. ನನಗೆ ಹೊಳೆಯ ಅರ್ಥವೇ ಜಾಸ್ತಿ ಇಷ್ಟ. ನೀವು ಹೇಮಾವತಿ ಪಕ್ಕದವರು, ನಿಮಗೂ ಅದೇ ಹಿಡಿಸಬಹುದು.

ಮಗುವಿನ ಬಣ್ಣದ ಮಾತಿಗೆ ಬರುತ್ತೇನೆ. ಈ ಪ್ರಶ್ನೆ ನೀವು ಕೇಳಿದ್ದು ಒಳ್ಳೆಯದಾಯ್ತು. ನಮ್ಮಲ್ಲಿ ಬಿಳಿ ಅಂದ ಕೂಡಲೇ ಮೈಬಣ್ಣ ನೆನಪಾಗುತ್ತೆ. ಆ ಪದ ವೆಲ್ಷರ ಬಾಯಲ್ಲಿ ಹೇಗೆ ಓಡಾಡುತ್ತೆ ನೋಡಿ. ಯಾರಿಗಾದರೂ ಒಳ್ಳೆಯದಾದರೆ ‘ಗ್ವಿನ್ ಇ ಬೀದ್’ ಅಂತಾರೆ. ಪದಕ್ಕೆ ಪದ ಇಟ್ಟರೆ ‘ಅವಳ ಲೋಕ ಬಿಳಿ’. ಅದರ ಅರ್ಥ ‘ಅವಳು ಪುಣ್ಯವಂತೆ, ಧನ್ಯೆ’. ಬೈಬಲ್‌ನಲ್ಲಿ ಏಸು ಬೆಟ್ಟದ ಮೇಲೆ ಕೂತು ‘ಧನ್ಯರು, ಧನ್ಯರು’ ಅಂತ ಒಂದೊಂದಾಗಿ ಹೇಳುವ ಮಾತುಗಳಿವೆಯಲ್ಲ, ವೆಲ್ಷ್ ಬೈಬಲ್‌ನಲ್ಲಿ ಅದೆಲ್ಲವೂ ಈ ‘ಗ್ವಿನ್’ ಪದದಿಂದಲೇ ಶುರುವಾಗುತ್ತೆ. ಆ ಬೈಬಲ್ ಪೂರ್ತಿಯಾಗಿ ಅಚ್ಚಾಗಿದ್ದು 1588ರಲ್ಲಿ. ಅಂದಿನಿಂದ ಇಂದಿನವರೆಗೆ ಚಾಪೆಲ್‌ಗಳಲ್ಲಿ ಅದೇ ಮಾತು ಓದುತ್ತಾ ಬಂದಿದ್ದಾರೆ. ಈ ಪದಕ್ಕೆ ಬಿಳಿ, ಚೆಂದ, ಪುಣ್ಯ, ಪವಿತ್ರ ಅನ್ನೋ ಅರ್ಥಗಳೆಲ್ಲ ಇವೆ. ನಿಮ್ಮ ಎಣ್ಣೆಗಪ್ಪು ಕಂದನಿಗೆ ಇದು ಸರಿಯಾಗಿ ಒಪ್ಪುವ ಹೆಸರು. ಯಾರಾದರೂ ಆಡಿಕೊಂಡರೆ ‘ಪುಣ್ಯವಂತೆ ಅಂತ ಅರ್ಥ’ ಅಂದುಬಿಡಿ. ಸುಳ್ಳೇನೂ ಹೇಳಿದ ಹಾಗಾಗಲ್ಲ.

ಇನ್ನು ನಿಮ್ಮ ಭಾವ ಹೇಳಿದ ರಾಣಿ. ಅವರು ಓದಿದ್ದು ನಿಜ, ಆದರೆ ಅರ್ಧ ಕಥೆ.

ಹನ್ನೆರಡನೇ ಶತಮಾನದ ಶುರುವಿನ ಮಾತು. ವೇಲ್ಸ್‌ನಲ್ಲಿ ಆಗ ಒಬ್ಬನೇ ರಾಜ ಇರಲಿಲ್ಲ. ಉತ್ತರದಲ್ಲಿ ಗ್ವಿನೆದ್, ದಕ್ಷಿಣದಲ್ಲಿ ದೆಹೈಬಾರ್ತ್, ಹೀಗೆ ಬೇರೆ ಬೇರೆ ರಾಜ್ಯಗಳು. ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ನರು ಇಲ್ಲಿಗೂ ಬಂದು ಕೋಟೆ ಕಟ್ಟಿಕೊಂಡು ಕೂತಿದ್ದರು. ಗ್ವಿನೆದ್‌ನ ರಾಜ ಗ್ರಿಫಿದ್ ಅಪ್ ಕನನ್‌ನ ಮಗಳು ಗ್ವೆನ್‌ಹ್ಲಿಯನ್. ಅವಳನ್ನು ಕೊಟ್ಟಿದ್ದು ದಕ್ಷಿಣದ ರಾಜಕುಮಾರ ಗ್ರಿಫಿದ್ ಅಪ್ ರೀಸ್‌ಗೆ. 1136ರಲ್ಲಿ ಗಂಡ ಅವಳ ತವರಿನಿಂದ ಸೈನ್ಯದ ಸಹಾಯ ಕೇಳೋಕೆ ಉತ್ತರಕ್ಕೆ ಹೋಗಿದ್ದ. ಅವನು ಇಲ್ಲದ ಹೊತ್ತಲ್ಲಿ ಇವಳೇ ಜನರನ್ನು ಕೂಡಿಸಿಕೊಂಡು ಕಿಡ್‌ವೆಲಿ ಕೋಟೆಯ ನಾರ್ಮನ್ನರ ಮೇಲೆ ಹೋದಳು. ಜೊತೆಗೆ ಇಬ್ಬರು ಗಂಡುಮಕ್ಕಳು. ಯುದ್ಧ ಸೋತರು. ಒಬ್ಬ ಮಗ ಮಾರ್ಗನ್ ಅಲ್ಲೇ ಸತ್ತ, ಇನ್ನೊಬ್ಬ ಮೈಲ್‌ಗನ್ ಸೆರೆಯಾದ. ತಾಯಿಯನ್ನು ಕೊಂದರು. ತಲೆ ಕಡಿದರು ಅಂತ ಊರ ಜನ ಹೇಳಿಕೊಂಡು ಬಂದಿದ್ದಾರೆ. ಕೋಟೆಯ ಉತ್ತರಕ್ಕಿರುವ ಆ ಹೊಲಕ್ಕೆ ಈಗಲೂ ‘ಗ್ವೆನ್‌ಹ್ಲಿಯನ್ ಹೊಲ’ ಅಂತಲೇ ಹೆಸರು. ಕೋಟೆಯ ಬಾಗಿಲ ಹತ್ತಿರ ಅವಳ ನೆನಪಿನ ಕಲ್ಲೂ ಇದೆ.

1188ರಲ್ಲಿ ಜೆರಾಲ್ಡ್ ಅನ್ನೋ ಪಾದ್ರಿ ಆ ದಾರಿಯಲ್ಲಿ ಹೋದಾಗ ಈ ಕಥೆಯನ್ನು ಬರೆದಿಟ್ಟ. ಯುದ್ಧ ಆಗಿ ಐವತ್ತೆರಡು ವರ್ಷ ಆಗಿತ್ತು, ಜನ ಮರೆತಿರಲಿಲ್ಲ. ಅವನು ಅವಳನ್ನು ಗ್ರೀಕರ ಕಥೆಯ ವೀರವನಿತೆಯರ ರಾಣಿಗೆ ಹೋಲಿಸಿದ್ದಾನೆ.

ನಿಮ್ಮ ಭಾವ ಬಿಟ್ಟಿರೋದು ಆಮೇಲಿನದ್ದು. ಅದೇ ವರ್ಷ ಅವಳ ಅಣ್ಣತಮ್ಮಂದಿರು ಸೈನ್ಯ ತಂದು ಕಾರ್ಡಿಗನ್ ಹತ್ತಿರ ನಾರ್ಮನ್ನರನ್ನು ಸೋಲಿಸಿದರು. ಅವಳು ಸಾಯುವಾಗ ನಾಲ್ಕು ವರ್ಷದವನಾಗಿದ್ದ ಕಿರಿಮಗ ರೀಸ್ ದೊಡ್ಡವನಾಗಿ ದಕ್ಷಿಣ ವೇಲ್ಸ್‌ನ ಬಹುಭಾಗ ಆಳಿದ. 1176ರ ಕ್ರಿಸ್‌ಮಸ್‌ಗೆ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ಸಂಗೀತಗಾರರನ್ನೂ ಸೇರಿಸಿ ಪಂದ್ಯ ಇಟ್ಟು, ಗೆದ್ದವರನ್ನು ಕುರ್ಚಿ ಕೊಟ್ಟು ಗೌರವಿಸಿದ. ಇವತ್ತು ವೇಲ್ಸ್‌ನಲ್ಲಿ ಪ್ರತಿ ವರ್ಷ ನಡೆಯುವ ‘ಐಸ್ಟೆದ್‌ವೊಡ್’ ಅನ್ನೋ ಸಾಹಿತ್ಯ ಸಂಗೀತದ ಹಬ್ಬಕ್ಕೆ ಅದೇ ಮೊದಲು ಅಂತ ಲೆಕ್ಕ. ಆ ರೀಸ್ ತನ್ನ ಮಗಳಿಗೆ ಇಟ್ಟ ಹೆಸರು ಏನು ಗೊತ್ತಾ? ಗ್ವೆನ್‌ಹ್ಲಿಯನ್. ತಾಯಿಯ ಹೆಸರು. ಆ ಮೊಮ್ಮಗಳ ವಂಶದಲ್ಲೇ ಮುಂದೆ ಟ್ಯೂಡರ್ ಮನೆತನ ಬಂತು ಅಂತ ವಂಶಾವಳಿಗಳು ಹೇಳುತ್ತವೆ. 1485ರಲ್ಲಿ ಇಂಗ್ಲೆಂಡಿನ ಸಿಂಹಾಸನ ಹತ್ತಿದ್ದು ಅದೇ ಮನೆತನ.

ಕಿತ್ತೂರಿನ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಮುಚ್ಚಿದರು. ಹಾಗಂತ ನಾವು ಹೆಣ್ಣುಮಕ್ಕಳಿಗೆ ಚೆನ್ನಮ್ಮ ಅಂತ ಇಡೋದು ಬಿಟ್ಟಿದ್ದೀವಾ? ಅಪಶಕುನದ ಯೋಚನೆ ಬಿಡಿ ಅಮ್ಮ.

ಈ ಹೆಸರಿನವಳು ಇನ್ನೊಬ್ಬಳಿದ್ದಾಳೆ. ಉಚ್ಚಾರಣೆ ಸಣ್ಣ ಮಾತಲ್ಲ ಅಂದಿದ್ದು ಅವಳಿಗಾಗಿ.

1282ರ ಜೂನ್. ಉತ್ತರ ವೇಲ್ಸ್‌ನ ಸಮುದ್ರದ ದಡದಲ್ಲಿ ಅಬೆರ್‌ಗ್ವಿನ್‌ಗ್ರೆಗಿನ್ ಅನ್ನೋ ಊರು. ಬಿಳಿ ಚಿಪ್ಪುಗಳ ಹೊಳೆ ಸಮುದ್ರ ಸೇರುವ ಜಾಗ ಅಂತ ಅದರ ಅರ್ಥ. ಊರ ಹೆಸರಲ್ಲೂ ‘ಗ್ವಿನ್’ ಇದೆ ನೋಡಿ. ಅಲ್ಲಿ ವೇಲ್ಸ್‌ನ ಕೊನೆಯ ಸ್ವತಂತ್ರ ದೊರೆ ಹ್ಲವೆಲಿನ್‌ಗೆ ಹೆಣ್ಣು ಮಗು ಹುಟ್ಟಿತು. ಅವನಿಗೆ ಅದೊಂದೇ ಮಗು. ಹೆರಿಗೆಯಲ್ಲಿ ತಾಯಿ ಎಲಿನೋರ್ ತೀರಿಕೊಂಡಳು. ಡಿಸೆಂಬರ್ 11ರಂದು ಕಿಲ್‌ಮೇರಿ ಹತ್ತಿರ ತಂದೆಯನ್ನು ಇಂಗ್ಲಿಷ್ ಸೈನಿಕರು ಕೊಂದರು. ಮುಂದಿನ ವರ್ಷ ಚಿಕ್ಕಪ್ಪ ದವಿದ್‌ನನ್ನೂ ಹಿಡಿದು ಕೊಂದರು. ವೇಲ್ಸ್ ಪೂರ್ತಿ ಒಂದನೇ ಎಡ್ವರ್ಡ್ ರಾಜನ ಕೈಗೆ ಹೋಯ್ತು.

ಮಗು ಬದುಕಿದ್ದರೆ ಮುಂದೆ ಮದುವೆಯಾಗುತ್ತೆ, ಗಂಡು ಮಗು ಹೆತ್ತರೆ ಅವನು ರಾಜ್ಯ ಕೇಳುತ್ತಾನೆ. ಅದಕ್ಕೇ ಎಡ್ವರ್ಡ್ ಆ ಕೂಸನ್ನು ದೇಶದ ಆಚೆ ದಡಕ್ಕೆ, ಇಂಗ್ಲೆಂಡಿನ ಲಿಂಕನ್‌ಶೈರ್‌ನ ಸೆಂಪ್ರಿಂಗಮ್ ಅನ್ನೋ ಸನ್ಯಾಸಿನಿಯರ ಮಠಕ್ಕೆ ಕಳಿಸಿದ. ಅವಳಿಗಿನ್ನೂ ಸರಿಯಾಗಿ ಮಾತೇ ಬರುತ್ತಿರಲಿಲ್ಲ. ದವಿದ್‌ನ ಒಬ್ಬ ಮಗಳನ್ನೂ ಅದೇ ಸೀಮೆಯ ಬೇರೊಂದು ಮಠಕ್ಕೆ ಹಾಕಿದರು. ಗ್ವೆನ್‌ಹ್ಲಿಯನ್ ಆ ಗೋಡೆಗಳ ಒಳಗೆ ಐವತ್ತಮೂರು ವರ್ಷಕ್ಕಿಂತ ಜಾಸ್ತಿ ಇದ್ದಳು. 1337ರ ಜೂನ್ 7ರಂದು ಅಲ್ಲೇ ತೀರಿಕೊಂಡಳು.

ಆ ಮಠದಲ್ಲಿ ವೆಲ್ಷ್ ಮಾತಾಡುವವರಿರಲಿಲ್ಲ. ಅಲ್ಲಿನವರ ನಾಲಿಗೆಗೆ ಈ ‘ಹ್ಲ’ ಹೊರಳಲಿಲ್ಲ. ಮಠದ ದಾಖಲೆಯಲ್ಲಿ ಅವಳ ಹೆಸರು ‘ವೆನ್ಸಿಲಿಯನ್’ ಅಂತ ಇದೆ. ಮುಂದಿನ ‘ಗ’ ಹೋಯ್ತು, ನಡುವಿನ ‘ಹ್ಲ’ ಹೋಯ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಸರಿಯಾಗಿ ಕರೆಯುವವರು ಅಷ್ಟು ವರ್ಷ ಅವಳ ಸುತ್ತ ಯಾರೂ ಇರಲಿಲ್ಲ. ಸ್ವಂತ ಹೆಸರು ಹೇಗೆ ಕೇಳಿಸುತ್ತೆ ಅಂತ ಬಹುಶಃ ಅವಳಿಗೇ ಗೊತ್ತಿರಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತೆ.

ಈಗ ಆ ಮಠ ಇಲ್ಲ. ಬಯಲಲ್ಲಿ ಒಂದು ಹಳೇ ಚರ್ಚ್ ನಿಂತಿದೆ, ಪಕ್ಕದಲ್ಲಿ ಅವಳ ನೆನಪಿಗೆ ಕಲ್ಲು ನಿಲ್ಲಿಸಿದ್ದಾರೆ. ಅತ್ತ ಉತ್ತರ ವೇಲ್ಸ್‌ನಲ್ಲಿ, ಅವಳು ಹುಟ್ಟಿದ ಊರಿನ ಹಿಂದಿನ ಬೆಟ್ಟಸಾಲಿನಲ್ಲಿ ಒಂದು ಶಿಖರಕ್ಕೆ ಅಪ್ಪ ಹ್ಲವೆಲಿನ್ ಹೆಸರು, ಇನ್ನೊಂದಕ್ಕೆ ದವಿದ್ ಹೆಸರು ಮೊದಲಿನಿಂದಲೂ ಇದೆ. ಅಮ್ಮನ ಹೆಸರಿನದು ಅಂತ ಹೇಳುವ ಶಿಖರವೂ ಅಲ್ಲೇ ಇದೆ. ಮಗಳದ್ದು ಮಾತ್ರ ಇರಲಿಲ್ಲ. ಅವಳ ನೆನಪು ಉಳಿಸೋಕೆ ಅಂತ ಸಂಘ ಕಟ್ಟಿಕೊಂಡ ಜನ ಪಟ್ಟು ಹಿಡಿದರು. 2009ರ ಸೆಪ್ಟೆಂಬರ್‌ನಲ್ಲಿ ಆ ಸಾಲಿನ 926 ಮೀಟರ್ ಎತ್ತರದ ಶಿಖರಕ್ಕೆ ‘ಕಾರ್ನೆದ್ ಗ್ವೆನ್‌ಹ್ಲಿಯನ್’ ಅಂತ ಹೆಸರಾಯ್ತು. ಸರ್ಕಾರಿ ನಕ್ಷೆಗಳಲ್ಲೂ ಈಗ ಹಾಗೇ ಇದೆ. ಬಂಡೆ ಗುಡ್ಡೆ ಹಾಕಿದ ಹಾಗಿರುವ ತುದಿ, ಗಾಳಿ ಅಂದರೆ ಗಾಳಿ. ಮಗ ಸೊಸೆ ಯಾವತ್ತಾದರೂ ಮಗುವನ್ನು ಎತ್ತಿಕೊಂಡು ಹೋಗಲಿ.

ಹೆಸರು ಆಮೇಲೂ ಸತ್ತಿಲ್ಲ. ಹಳೇ ಚರ್ಚ್ ರಿಜಿಸ್ಟರ್‌ಗಳಲ್ಲಿ ವೆನ್ಲಿಯನ್, ಗ್ವೆನ್ಲಿಯನ್ ಅಂತ ಗುಮಾಸ್ತರು ತಮಗೆ ತೋಚಿದ ಹಾಗೆ ಬರೆದಿದ್ದಾರೆ. 1910ರಲ್ಲಿ ಬ್ರೆಕನ್ ಪಟ್ಟಣದ ಮೇಯರ್ ಆದವರು ಗ್ವೆನ್‌ಹ್ಲಿಯನ್ ಮಾರ್ಗನ್. ವೇಲ್ಸ್‌ನಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರೇ. ಇವತ್ತೂ ವೆಲ್ಷ್ ಮಾತಾಡುವ ಮನೆಗಳಲ್ಲಿ ಈ ಹೆಸರನ್ನು ಅಕ್ಕರೆಯಿಂದ ಇಡುತ್ತಾರೆ. 2021ರ ಜನಗಣತಿ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5,38,000 ಜನ, ಅಂದರೆ ನೂರಕ್ಕೆ ಹದಿನೆಂಟು ಜನರೂ ಇಲ್ಲ. ಹಾಗಿರುವಾಗ ನಿಮ್ಮ ಸೊಸೆ ಈ ಹೆಸರು ಆರಿಸಿದ್ದು ಸುಮ್ನೆ ಅಲ್ಲ.

ಗೌರಿ ಅಂತ ಕರೆಯೋದಾ? ಖಂಡಿತ ಕರೆಯಿರಿ. ಗೌರಿ ಅಂದರೂ ಬೆಳ್ಳಗಿರುವವಳು ಅಂತಲೇ ಅರ್ಥ, ಪೂಜಿಸುವ ಹೆಸರೂ ಹೌದು. ಗ್ವೆನ್ ಪದದಲ್ಲೂ ಅದೇ ಎರಡು ಎಳೆ ಸೇರಿದೆ. ಪದಗಳ ಮೂಲ ಬೇರೆ, ಅರ್ಥ ಮಾತ್ರ ಅಕ್ಕಪಕ್ಕ ಬಂದು ಕೂತಿದೆ. ಇದನ್ನು ಬೀಗಿತ್ತಿಗೆ ಹೇಳಿ, ಅವರಿಗೂ ಖುಷಿಯಾಗುತ್ತೆ. ಒಂದೇ ಮಾತು: ಗ್ವೆನ್‌ಹ್ಲಿಯನ್ ಕಷ್ಟ ಅಂತ ಅದನ್ನು ಬಿಟ್ಟು ಗೌರಿ ಅನ್ನಬೇಡಿ. ಎರಡೂ ಕರೆಯಿರಿ. ಅಲ್ಲಿನ ಮುದ್ದಿನ ಹೆಸರೇ ಬೇಕಾದರೆ ಗ್ವೆನ್ ಅನ್ನಬಹುದು, ‘ಹ್ಲಿಯೋ’ ಅನ್ನೋದೂ ಹಳೆಯ ಮುದ್ದು ಹೆಸರು. ಅದರಲ್ಲೂ ಆ ಅಕ್ಷರ ತಪ್ಪಲ್ಲ ನೋಡಿ!

ಹೆಸರಿನ ಕೊನೆಗೆ ಏನು ಬರೆದಿದ್ದಾರೆ ಅಂತ ನೀವು ತಿಳಿಸಿಲ್ಲ. ನಮ್ಮ ಕಡೆಯಂತೆ ಅಪ್ಪನ ಹೆಸರನ್ನೇ ಸೇರಿಸಿದ್ದರೆ ಅದು ವೇಲ್ಸ್‌ಗೂ ಹೊಸದಲ್ಲ. ಹಿಂದೆ ಅಲ್ಲಿ ಮನೆತನದ ಹೆಸರೇ ಇರಲಿಲ್ಲ. ಮಗ ಆದರೆ ‘ಅಪ್’, ಮಗಳಾದರೆ ‘ವೆರ್ಖ್’ ಅಂತ ಸೇರಿಸಿ ಅಪ್ಪನ ಹೆಸರು ಹೇಳುತ್ತಿದ್ದರು. ಕಿಡ್‌ವೆಲಿಯ ರಾಣಿ ‘ಗ್ವೆನ್‌ಹ್ಲಿಯನ್ ವೆರ್ಖ್ ಗ್ರಿಫಿದ್’, ಅಂದರೆ ಗ್ರಿಫಿದ್‌ನ ಮಗಳು ಗ್ವೆನ್‌ಹ್ಲಿಯನ್. ಇಂಗ್ಲಿಷ್ ಪದ್ಧತಿ ಬಂದ ಮೇಲೆ ‘ಅಪ್ ರೀಸ್’ ಅನ್ನೋದು ಪ್ರೈಸ್ ಆಯ್ತು, ‘ಅಪ್ ಹವೆಲ್’ ಅನ್ನೋದು ಪೊವೆಲ್ ಆಯ್ತು.

ಕೊನೆಗೆ ಅಕ್ಕಿ ತಟ್ಟೆ. ‘ಗ್ವೆನ್ಲಿಯನ್’ ಅಂತ ಬರೆದರೆ ಓದೋಕೆ ಸಲೀಸು, ಆದರೆ ಮುಖ್ಯವಾದ ಅಕ್ಷರವೇ ಇಲ್ಲ. ‘ಗ್ವೆನ್ಳಿಯನ್’ ಅಂತೂ ಬೇಡ, ಅದು ಬೇರೆಯೇ ಸದ್ದು. ‘ಗ್ವೆನ್‌ಹ್ಲಿಯನ್’ ಅಂತ ಬರೆಸಿ. ನ್ ಬಿಡಿಯಾಗಿ ನಿಲ್ಲಲಿ, ಆಮೇಲೆ ಹ, ಅದರ ಅಡಿಯಲ್ಲಿ ಲ ಒತ್ತು. ಹರಿವಾಣ ಸ್ವಲ್ಪ ಅಗಲವಾಗಿರಲಿ. ಒತ್ತಕ್ಷರ ಜಾಸ್ತಿ ಇರೋದರಿಂದ ಉಂಗುರದಲ್ಲಿ ಗೀಚುವಾಗ ಸಣ್ಣಕ್ಕಿ ಆದರೆ ಅಕ್ಷರ ಚೆನ್ನಾಗಿ ಮೂಡುತ್ತೆ. ಕೆಳಗೆ ಗೌರಿ ಅಂತಲೂ ಬರೆಯಿರಿ.

ಆಮೇಲೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳ್ತೀರಲ್ಲ, ಅದನ್ನು ನೆನೆಸಿಕೊಂಡು ನನಗೆ ಸಂತೋಷ ಆಗ್ತಿದೆ. ಆ ‘ಹ್ಲಿ’ ಪಿಸುಗುಟ್ಟಿದರೇ ಸರಿಯಾಗಿ ಬರೋದು. ಡಿಸೆಂಬರ್‌ಗೆ ಇನ್ನೂ ಟೈಮ್ ಇದೆ, ದಿನಾ ಐದು ನಿಮಿಷ ಅಭ್ಯಾಸ ಮಾಡಿ. ಬಂದಿಲ್ಲ ಅನ್ನಿಸಿದರೆ ನೀವು ಹೇಳಿದ್ದನ್ನು ರೆಕಾರ್ಡ್ ಮಾಡಿ ಕಳಿಸಿ. ಕೇಳಿ ಹೇಳುತ್ತೇನೆ.